ಶಾರ್ಟ್ ಬುಕ್‌ನಲ್ಲಿ ಬರೆದಿಟ್ಟ ಚೆಸ್ ಲೆಕ್ಕ

ನನ್ನದು ತಿಪಟೂರಿನಲ್ಲಿ ಒಂದು ಮೆಡಿಕಲ್ ಸ್ಟೋರ್. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತೂವರೆಗೆ ಇಳಿಸುವುದು. ಕೊಬ್ಬರಿ ಹರಾಜಿನ ದಿನ ಉಸಿರು ಬಿಡೋಕೂ ಪುರುಸೊತ್ತಿರಲ್ಲ. ಉಳಿದ ದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೊಣ ಹೊಡೆಯುವ ಹೊತ್ತು. ಆ ಎರಡು ಗಂಟೆಯಲ್ಲಿ ನಾನು ಮೊಬೈಲ್‌ನಲ್ಲಿ ಚೆಸ್ ಆಡುತ್ತೇನೆ. ಚೆನ್ನಾಗಿ ಆಡುತ್ತೇನೆ ಅಂತಲ್ಲ. ಚೆಸ್ ಡಾಟ್ ಕಾಮ್‌ನಲ್ಲಿ ರ‍್ಯಾಪಿಡ್ ರೇಟಿಂಗ್, ಅಂದರೆ ಆಟದ ಮಟ್ಟ ಹೇಳುವ ಅಂಕಿ, 870ರ ಹತ್ತಿರ ಓಡಾಡಿಕೊಂಡಿದೆ. ವಯಸ್ಸು 47. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ 1800ರ ಆಟಗಾರರಿಗೆ ನನ್ನ ಈ ಲೆಕ್ಕ ಉಪಯೋಗಕ್ಕೆ ಬರಲಿಕ್ಕಿಲ್ಲ.

ಆಟ ಕಲಿಸಿದ್ದು ಅಪ್ಪ. ನಮ್ಮ ಮನೆಯ ಚದುರಂಗದಲ್ಲಿ ಕ್ವೀನ್ ಇರಲಿಲ್ಲ, ಮಂತ್ರಿ ಇದ್ದ. ಬಿಷಪ್ ಇರಲಿಲ್ಲ, ಒಂಟೆ ಇತ್ತು. ಸಿಪಾಯಿ ಮೊದಲ ನಡೆಗೂ ಒಂದೇ ಮನೆ ಹೋಗಬೇಕು. ರಾಜ ಮಾತ್ರ, ಒಮ್ಮೆಯೂ ಷಾ (ಚೆಕ್) ಬೀಳದೆ ಇದ್ದರೆ, ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಈ ನಿಯಮಗಳನ್ನೇ ತಲೆಯಲ್ಲಿಟ್ಟುಕೊಂಡು ಮೂವತ್ತು ವರ್ಷದ ಮೇಲೆ ಆಪ್‌ನಲ್ಲಿ ಆಡೋಕೆ ಕೂತರೆ ಏನಾಗುತ್ತೆ? ಮೊದಲ ವಾರದಲ್ಲೇ ಒಬ್ಬ ನನ್ನ ಸಿಪಾಯಿಯನ್ನು ಪಕ್ಕದಿಂದ ಬಂದು, ಅದು ನಿಂತ ಮನೆಗೇ ಕಾಲಿಡದೆ ತಿಂದುಹಾಕಿದ. ಆಪ್ ಕೆಟ್ಟಿದೆ ಅಂದುಕೊಂಡೆ. ತಮ್ಮನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಅವನು ಮಗಳಿಗೆ ತೋರಿಸಿದ. ಅವಳು ಫೋನ್ ಮಾಡಿ ಬಿದ್ದು ಬಿದ್ದು ನಕ್ಕಳು. "ಅತ್ತೆ, ಅದು ಎನ್ ಪಾಸಾಂ. ರೂಲ್ಸಲ್ಲೇ ಇದೆ."

ತಿರುಗಿ ಶುರು ಮಾಡಿದ್ದು 2024ರ ಡಿಸೆಂಬರ್ 12ಕ್ಕೆ. ಅವತ್ತು ಸಿಂಗಾಪುರದಲ್ಲಿ ಗುಕೇಶ್, ಡಿಂಗ್ ಲಿರೆನ್ ಮೇಲೆ 14ನೇ ಆಟ ಗೆದ್ದು ವಿಶ್ವ ಚಾಂಪಿಯನ್ ಆದ. ಅಂಗಡಿಯಲ್ಲಿ ಕೂತೇ ನೋಡಿದೆ. ಡ್ರಾ ಆಗೋ ಥರ ಇದ್ದ ಆಟ. 55ನೇ ನಡೆಯಲ್ಲಿ ಡಿಂಗ್ ತನ್ನ ಆನೆಯನ್ನು ಎಫ್2 ಅನ್ನುವ ಮನೆಗೆ ತಂದ. ಗುಕೇಶ್ ಒಂದು ಕ್ಷಣ ಹಾಗೇ ಕಣ್ಣು ಬಿಟ್ಟ. ಆನೆಗೆ ಆನೆ, ಒಂಟೆಗೆ ಒಂಟೆ ಹೋಗಿ ಬರೀ ಸಿಪಾಯಿಗಳ ಆಟ ಉಳಿಯಿತು. ಅದು ಗುಕೇಶ್ ಕಡೆಗೇ. ವಿಶ್ವ ಚಾಂಪಿಯನ್ ಆಗಿದ್ದವನೇ ಹೀಗೆ ಎಡವಿದ ಮೇಲೆ ನಾನು ಎಡವುವುದಕ್ಕೆ ಏನು ನಾಚಿಕೆ ಅಂತ ಆವತ್ತು ರಾತ್ರಿಯೇ ಆಪ್ ಹಾಕಿಕೊಂಡೆ.

ಇನ್ನು ವಿಷಯಕ್ಕೆ ಬರುತ್ತೇನೆ. ಚೆಸ್ ಡಾಟ್ ಕಾಮ್‌ಗೆ ದುಡ್ಡು ಕೊಟ್ಟು ಮೆಂಬರ್ ಆಗಬೇಕಾ ಬೇಡವಾ?

ಆಡೋಕೆ ದುಡ್ಡು ಬೇಡ. ಎಷ್ಟು ಆಟ ಬೇಕಾದರೂ ಆಡಬಹುದು, ಯಾರೂ ತಡೆಯಲ್ಲ. ತಡೆ ಬರುವುದು ಆಟ ಮುಗಿದ ಮೇಲೆ. ಸೋತು ಕೂತಿರುತ್ತೀರಲ್ಲ, ಆಗ ಹಸಿರು ಬಣ್ಣದ ಬಟನ್ ಕಾಣುತ್ತದೆ: ಗೇಮ್ ರಿವ್ಯೂ. ಅದನ್ನು ಒತ್ತಿದರೆ ಒಂದೊಂದು ನಡೆಯನ್ನೂ ಎತ್ತಿ ತೋರಿಸಿ, ಇದು ಒಳ್ಳೇದು, ಇದು ತಪ್ಪು, ಇದು ಬ್ಲಂಡರ್ (ದೊಡ್ಡ ತಪ್ಪು) ಅಂತ ಬಣ್ಣ ಹಚ್ಚಿ ಹೇಳುತ್ತದೆ. ಪುಕ್ಕಟೆ ಖಾತೆಯವರಿಗೆ ಇದು ದಿನಕ್ಕೆ ಒಂದೇ ಸಲ. ಎರಡನೇ ಆಟಕ್ಕೆ ಒತ್ತಿದರೆ ಪ್ಲಾನುಗಳ ಪಟ್ಟಿ ಎದುರಿಗೆ ಬಂದು ನಿಲ್ಲುತ್ತದೆ. ಗೋಲ್ಡ್, ಪ್ಲಾಟಿನಂ, ಡೈಮಂಡ್. ಚಿನ್ನದ ಅಂಗಡಿಗೆ ಬಂದ ಹಾಗೆ. ಒಗಟುಗಳೂ ಅಷ್ಟೇ, ಅವರು ಪಜಲ್ ಅನ್ನುತ್ತಾರಲ್ಲ, ಅವು ದಿನಕ್ಕೆ ಬೆರಳಲ್ಲಿ ಎಣಿಸುವಷ್ಟು. ಪಾಠಗಳಿಗೂ ಮಿತಿ. ಜಾಹೀರಾತು ಬೇರೆ. ಡೈಮಂಡ್ ತಗೊಂಡರೆ ಈ ಎಲ್ಲಕ್ಕೂ ಬಾಗಿಲು ತೆರೆದಿರುತ್ತದೆ. ನಡುವಿನ ಎರಡರಲ್ಲಿ ಒಂದಿಷ್ಟು ಸಡಿಲ, ಒಂದಿಷ್ಟು ಬಿಗಿ. ವರ್ಷದ ಡೈಮಂಡ್ ಅಂದರೆ ಕೆಲವು ಸಾವಿರ ರೂಪಾಯಿ. ಆಫರ್ ಬರುತ್ತಾ ಹೋಗುತ್ತಾ ಇರುತ್ತದೆ, ಹಾಗಾಗಿ ಇವತ್ತಿನ ಬೆಲೆ ಬರೆದು ನಿಮ್ಮನ್ನು ದಾರಿ ತಪ್ಪಿಸಲ್ಲ.

ಫೆಬ್ರವರಿಯಲ್ಲಿ ನನಗೆ ಏಳು ದಿನದ ಉಚಿತ ಟ್ರಯಲ್ ಸಿಕ್ಕಿತು. ಡೈಮಂಡೇ. ಒತ್ತಿಬಿಟ್ಟೆ.

ಮೊದಲ ದಿನ ಹನ್ನೊಂದು ಆಟದ ರಿವ್ಯೂ ನೋಡಿದೆ. ಹನ್ನೊಂದು! ಊಟಕ್ಕೆ ಕರೆದರೆ ಎದ್ದಿಲ್ಲ. ಎರಡನೇ ದಿನ ಏಳು. ಆ ಎರಡನೇ ದಿನವೇ ನನಗೆ ಜೀವನದ ಮೊದಲ 'ಬ್ರಿಲಿಯೆಂಟ್' ಬಂತು. ಎರಡು ಆಶ್ಚರ್ಯಸೂಚಕ ಚಿಹ್ನೆ, ನವಿಲುಬಣ್ಣದಲ್ಲಿ. ಆಗಿದ್ದು ಏನೆಂದರೆ, ನಾನು ಕುದುರೆಯನ್ನು ಡಿ4ಕ್ಕೆ ತಂದು ಇಟ್ಟೆ. ಎದುರಾಳಿಯ ಆನೆ ಡಿ8ರಿಂದ ಅದರ ಮೇಲೆ ಕಣ್ಣಿಟ್ಟಿತ್ತು. ಆದರೆ ಆ ಆನೆ ಬಂದು ಕುದುರೆಯನ್ನು ಹೊಡೆದರೆ ಅವನ ಹಿಂದಿನ ಸಾಲು ಬಟಾಬಯಲು. ಅವನ ರಾಜನ ಮುಂದೆ ಅವನವೇ ಮೂರು ಸಿಪಾಯಿಗಳು ಗೋಡೆ ಕಟ್ಟಿ ನಿಂತಿವೆ. ನನ್ನ ಆನೆ ಇ1ರಿಂದ ನೇರ ಇ8ಕ್ಕೆ ಹೋದರೆ ಆಟ ಮುಗಿಯಿತು. ಅವನು ಹೊಡೆದ. ನಾನು ಮೇಟ್ ಮಾಡಿದೆ.

ಸ್ಕ್ರೀನ್‌ಶಾಟ್ ತಮ್ಮನ ಮಗಳಿಗೆ ಹೋಯಿತು. ಅವಳು ಒಂಬತ್ತನೇ ಕ್ಲಾಸು, ಟೂರ್ನಮೆಂಟ್ ಆಡುವವಳು. ಎರಡು ನಿಮಿಷ ಬಿಟ್ಟು ಫೋನ್.

"ಅತ್ತೆ, ನಿಜ ಹೇಳಿ. ಆನೆ ಹೊಡೆಯುತ್ತೆ ಅಂತ ನೋಡಿದ್ರಾ?"

"ಇಲ್ಲ ಕಣೆ."

"ಮತ್ತೆ ಕುದುರೆ ಯಾಕೆ ಅಲ್ಲಿಟ್ರಿ?"

"ಚೆನ್ನಾಗಿ ಕಾಣುತ್ತಲ್ಲ ಮಧ್ಯದಲ್ಲಿ."

ಆ ಗುರುತು ಕೊಡುವುದರಲ್ಲಿ ಹೊಸ ಆಟಗಾರರಿಗೆ ಸ್ವಲ್ಪ ಧಾರಾಳ ತೋರಿಸುತ್ತಾರೆ. ಅದನ್ನು ಅವರು ಮುಚ್ಚಿಟ್ಟಿಲ್ಲ, ಅವರದೇ ಸಹಾಯದ ಪುಟದಲ್ಲಿ ಹೇಳಿಕೊಂಡಿದ್ದಾರೆ. ತಪ್ಪು ಅಂತ ನಾನೂ ಹೇಳಲ್ಲ. ಮಗುವಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಕ್ಕೆ ಚಾಕೊಲೇಟ್ ಕೊಟ್ಟ ಹಾಗೆ. ಆದರೆ ನಾನು ಆಮೇಲಿನ ಎರಡು ದಿನ ಆ ನವಿಲುಬಣ್ಣಕ್ಕೋಸ್ಕರವೇ ಕಂಡಕಂಡಲ್ಲಿ ಕುದುರೆ, ಒಂಟೆ ಬಲಿ ಕೊಟ್ಟೆ. ರೇಟಿಂಗ್ 60 ಇಳಿಯಿತು.

ಆರನೇ ದಿನ ಟ್ರಯಲ್ ಕ್ಯಾನ್ಸಲ್ ಮಾಡಿದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ನಮ್ಮ ಮನೆಯಲ್ಲೇ ಆದ ಕಥೆ ಇದೆ. ತಮ್ಮ ಹಿಂದೊಮ್ಮೆ ಬೇರೆ ಯಾವುದೋ ಆಪ್‌ಗೆ (ಚೆಸ್‌ಗೆ ಸಂಬಂಧವಿಲ್ಲ, ಹೆಸರು ಬೇಡ) ಟ್ರಯಲ್ ಹಾಕಿ, ಬೇಡ ಅನಿಸಿ ಆಪ್ ಡಿಲೀಟ್ ಮಾಡಿದ. ಡಿಲೀಟ್ ಮಾಡಿದರೆ ಮುಗೀತು ಅಂದುಕೊಂಡಿದ್ದ. ಐದು ತಿಂಗಳು ಖಾತೆಯಿಂದ ದುಡ್ಡು ಹೋಗುತ್ತಲೇ ಇತ್ತು. ಆಪ್ ತೆಗೆದರೆ ಚಂದಾ ನಿಲ್ಲಲ್ಲ. ಪ್ಲೇ ಸ್ಟೋರ್ ಮೂಲಕ ತಗೊಂಡಿದ್ದರೆ ಅಲ್ಲಿನ ಸಬ್‌ಸ್ಕ್ರಿಪ್ಷನ್ ಪಟ್ಟಿಗೆ ಹೋಗಿ ಕ್ಯಾನ್ಸಲ್ ಒತ್ತಬೇಕು. ಯುಪಿಐ ಆಟೋಪೇ ಕೊಟ್ಟಿದ್ದರೆ ನಿಮ್ಮ ಯುಪಿಐ ಆಪ್‌ನಲ್ಲೇ ಆಟೋಪೇ ಅಂತ ಒಂದು ಜಾಗ ಇರುತ್ತದೆ, ಯಾರ್ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಅಲ್ಲಿ ಸಾಲಾಗಿ ಕಾಣುತ್ತದೆ. ಒಂದು ಸಲ ತೆರೆದು ನೋಡಿ. ಮರೆತೇ ಹೋದ ನೆಂಟರೆಲ್ಲ ಸಿಗುತ್ತಾರೆ.

ಟ್ರಯಲ್ ಮುಗಿದ ಮೇಲೆ ಏನೋ ಕಳೆದುಕೊಂಡ ಹಾಗೆ ಆಗಿದ್ದು ನಿಜ. ದಿನಕ್ಕೆ ಒಂದೇ ರಿವ್ಯೂ ಅಂದಾಗ ಜೈಲಿಗೆ ಹಾಕಿದ ಹಾಗೆ ಅನಿಸಿತು. ಕಾರ್ಡ್ ಕೈಗೆತ್ತಿಕೊಂಡೂ ಆಗಿತ್ತು. ಆಗ ಕೌಂಟರ್ ಮೇಲಿದ್ದ ಶಾರ್ಟ್ ಬುಕ್ ಕಣ್ಣಿಗೆ ಬಿತ್ತು.

ಮೆಡಿಕಲ್ ಸ್ಟೋರ್ ಇಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಗಿರಾಕಿ ಕೇಳಿದ ಮಾಲು ಇಲ್ಲ ಅಂದರೆ, ಅಥವಾ ಮುಗಿಯುತ್ತಾ ಬಂದಿದೆ ಅಂದರೆ, ಅದರಲ್ಲಿ ಬರೆದಿಡುತ್ತೇವೆ. ಸಂಜೆ ಏಜೆನ್ಸಿಯವರಿಗೆ ಆರ್ಡರ್ ಹೇಳುವಾಗ ಅದೇ ಆಧಾರ. ಆದರೆ ಬರೆದಿದ್ದೆಲ್ಲ ತರಿಸಲ್ಲ. ಒಬ್ಬ ಒಂದು ಸಲ ಕೇಳಿದ ಅಂತ ಹತ್ತು ಸ್ಟ್ರಿಪ್ ತರಿಸಿದರೆ ಅದು ರ‍್ಯಾಕ್‌ನಲ್ಲೇ ಕೂತು ಎಕ್ಸ್‌ಪೈರಿ ಆಗುತ್ತದೆ. ಮೂರು ಸಲ, ಬೇರೆ ಬೇರೆಯವರು, ಬೇರೆ ಬೇರೆ ದಿನ ಕೇಳಿದರೆ ಮಾತ್ರ ಸ್ಟಾಕ್. ಅಂಗಡಿ ಶುರು ಮಾಡಿದ ಹೊಸದರಲ್ಲಿ ಈ ಬುದ್ಧಿ ಇರಲಿಲ್ಲ. ಒಂದು ವರ್ಷ ಎಕ್ಸ್‌ಪೈರಿ ಮಾಲೇ ಒಂದು ರಟ್ಟಿನ ಪೆಟ್ಟಿಗೆ ತುಂಬಿತ್ತು.

ಹಾಗಾಗಿ ಮಾರ್ಚ್ ಒಂದನೇ ತಾರೀಖಿನಿಂದ ಶಾರ್ಟ್ ಬುಕ್‌ನ ಕೊನೇ ಪುಟದಲ್ಲಿ ಚೆಸ್ ಲೆಕ್ಕ ಬರೆಯೋಕೆ ಶುರು ಮಾಡಿದೆ. ಆಪ್ 'ಇವತ್ತಿಗೆ ಮುಗಿಯಿತು' ಅಂದಾಗೆಲ್ಲ ಒಂದು ಗೆರೆ. ರಿವ್ಯೂಗೆ 'ರಿ', ಒಗಟಿಗೆ 'ಒ', ಪಾಠಕ್ಕೆ 'ಪಾ'. ಪಕ್ಕದಲ್ಲಿ ಗಂಟೆ ಎಷ್ಟು, ಗೆದ್ದಿದ್ದಾ ಸೋತಿದ್ದಾ. ಜಾಹೀರಾತಿಗೂ ಒಂದು ಗುರುತು ಇಟ್ಟಿದ್ದೆ, ಎರಡೇ ದಿನಕ್ಕೆ ಬಿಟ್ಟೆ. ಬಸ್ ಸ್ಟ್ಯಾಂಡ್ ಪಕ್ಕ ಅಂಗಡಿ ಇಟ್ಟವಳಿಗೆ ಜಾಹೀರಾತಿನ ಗಲಾಟೆ ಒಂದು ಗಲಾಟೆಯೇ ಅಲ್ಲ.

ಮಾರ್ಚ್ ಮುಗಿದಾಗ ನೋಡಿದರೆ ಆಡಿದ ಆಟ 74. 'ರಿ' 19. 'ಒ' 8. 'ಪಾ' ಒಂದೂ ಇಲ್ಲ.

ಹತ್ತೊಂಬತ್ತು ಅಂದರೆ ಕಡಿಮೆಯಲ್ಲ. ತಗೊಂಡುಬಿಡೋಣ ಅನ್ನಿಸಿತು. ಆಮೇಲೆ ಪಕ್ಕದ ಗಂಟೆ ನೋಡಿದೆ. ಹತ್ತೊಂಬತ್ತರಲ್ಲಿ ಹನ್ನೊಂದು ರಾತ್ರಿ ಹತ್ತೂವರೆಯ ಮೇಲೆ. ಹನ್ನೊಂದಕ್ಕೆ ಹನ್ನೊಂದೂ ಸೋತ ಆಟ. ಅಂದರೆ ಒಂದು ಸೋತು, ಸಿಟ್ಟಿಗೆ ಇನ್ನೊಂದು ಆಡಿ, ಅದನ್ನೂ ಸೋತು, ಮೂರನೆಯದನ್ನೂ ಸೋತು, ಯಾರ ಮೇಲೆ ತಪ್ಪು ಹಾಕೋದು ಅಂತ ಹುಡುಕೋ ಹೊತ್ತಲ್ಲಿ ಒತ್ತಿದ ಬಟನ್ ಅದು. ಆ ಹೊತ್ತಲ್ಲಿ ರಿವ್ಯೂ ಸಿಕ್ಕಿದ್ದರೂ ಏನು ಕಲಿಯುತ್ತಿದ್ದೆ? ಅಕ್ಯುರಸಿ (ನಡೆಗಳು ಎಷ್ಟು ಸರಿ ಅನ್ನುವ ಅಂಕ) ಎಷ್ಟು ಬಂತು ನೋಡಿ, ಎದುರಾಳಿಯದು ಎಷ್ಟು ನೋಡಿ, ಮುಚ್ಚಿ ಮಲಗುತ್ತಿದ್ದೆ. ಉಳಿದ ಎಂಟರಲ್ಲಿ ಮೂರು ಗೆದ್ದ ಆಟ, ಸುಮ್ನೆ ಮೆರೆಯೋಕೆ. ನಿಜವಾಗಿ 'ಇಲ್ಲಿ ಏನಾಯ್ತು, ಅರ್ಥವಾಗಲಿಲ್ಲವಲ್ಲ' ಅಂತ ಒತ್ತಿದ್ದು ಐದೇ ಐದು.

ಇನ್ನೊಂದು ತಮಾಷೆ ಕೇಳಿ. ಮಾರ್ಚ್‌ನಲ್ಲಿ ಎಷ್ಟೋ ದಿನ ನಾನು ಆ ಪುಕ್ಕಟೆಯ ಒಂದು ರಿವ್ಯೂವನ್ನೂ ಬಳಸಿರಲಿಲ್ಲ.

ಐದು ಆಟಗಳಿಗೆ ಏನು ಮಾಡಿದೆ ಅಂದರೆ, ಲಿಚೆಸ್‌ಗೆ ಹೋದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲಿಚೆಸ್ ಅನ್ನುವುದು ಥಿಬೋ ಡುಪ್ಲೆಸಿ ಅನ್ನುವ ಫ್ರಾನ್ಸಿನ ಪ್ರೋಗ್ರಾಮರ್ 2010ರಲ್ಲಿ ಶುರು ಮಾಡಿದ ಚೆಸ್ ಸೈಟು. ಇವತ್ತಿಗೂ ಅದರಲ್ಲಿ ಜಾಹೀರಾತಿಲ್ಲ, ಚಂದಾ ಇಲ್ಲ. ದೇಣಿಗೆಯಲ್ಲೇ ನಡೆಯುತ್ತದೆ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕ ಒಂದು ರೆಕ್ಕೆಯ ಗುರುತು ಬರುತ್ತದೆ, ಅಷ್ಟೇ. ಕೊಟ್ಟವರಿಗೂ ಕೊಡದವರಿಗೂ ಸೌಲಭ್ಯ ಒಂದೇ. ಅನ್ನದಾನದ ಸಾಲಿನಲ್ಲಿ ಹುಂಡಿಗೆ ಹಾಕಿದವರಿಗೆ ಬೇರೆ ಎಲೆ ಇರಲ್ಲವಲ್ಲ, ಹಾಗೆ. ಅಲ್ಲಿನ ಸ್ಟಾಕ್‌ಫಿಶ್ ಅನ್ನುವ ಇಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ) ಕೂಡ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು. ಅದನ್ನು ಸೋಲಿಸುವ ಮನುಷ್ಯ ಇಲ್ಲ.

ಮಾಡುವ ಕೆಲಸ ಇಷ್ಟೇ. ಚೆಸ್ ಡಾಟ್ ಕಾಮ್‌ನಲ್ಲಿ ಆಟ ಮುಗಿದ ಮೇಲೆ ಶೇರ್ ಒತ್ತಿ, ಪಿಜಿಎನ್ ಕಾಪಿ ಮಾಡಿಕೊಳ್ಳಿ. ಪಿಜಿಎನ್ ಅಂದರೆ ನಡೆಗಳನ್ನೆಲ್ಲ ಅಕ್ಷರದಲ್ಲಿ ಬರೆದ ಪಟ್ಟಿ. ಲಿಚೆಸ್‌ನಲ್ಲಿ ಇಂಪೋರ್ಟ್ ಗೇಮ್ ಅಂತ ಇದೆ, ಅಲ್ಲಿ ಪೇಸ್ಟ್ ಮಾಡಿ. ಅನಾಲಿಸಿಸ್ ಕೇಳಿ. ಗ್ರಾಫ್ ಬರುತ್ತದೆ, ಇಸಿಜಿ ಥರ ಏರುತ್ತಾ ಇಳಿಯುತ್ತಾ. ಎಲ್ಲಿ ಧೊಪ್ಪೆಂದು ಬಿದ್ದಿದೆಯೋ ಅಲ್ಲಿ ನಿಮ್ಮ ಬ್ಲಂಡರ್. ಆಮೇಲೆ ತಪ್ಪುಗಳಿಂದ ಕಲಿಯಿರಿ ಅನ್ನುವ ಬಟನ್ ಒಂದಿದೆ. ಅದು ನನಗೆ ಬಹಳ ಹಿಡಿಸಿತು. ಉತ್ತರ ತಾನಾಗಿ ಹೇಳಲ್ಲ. ನೀವು ಎಡವಿದ ಜಾಗಕ್ಕೆ ವಾಪಸ್ ಕರೆದುಕೊಂಡು ಹೋಗಿ, ಇಲ್ಲಿ ಇದಕ್ಕಿಂತ ಒಳ್ಳೆಯ ನಡೆ ಹುಡುಕು ಅನ್ನುತ್ತದೆ.  ಅಪ್ಪನೂ ಹಾಗೇ ಮಾಡುತ್ತಿದ್ದರು. ಕಾಯಿ ವಾಪಸ್ ಇಟ್ಟು, ಬೀಡಿ ಹಚ್ಚಿಕೊಂಡು, "ಈಗ ನೋಡು" ಅನ್ನುವುದು. ಬೀಡಿ ಮುಗಿಯುವುದರೊಳಗೆ ಹೇಳಬೇಕು.

ಇದೆಲ್ಲ ಹೇಳಿದೆ ಅಂತ ಚೆಸ್ ಡಾಟ್ ಕಾಮ್‌ನ ರಿವ್ಯೂ ದಂಡ ಅಂತಲ್ಲ. ಅದಕ್ಕೆ ಒಂದು ದೊಡ್ಡ ಗುಣ ಇದೆ, ಅದು ಮಾತಾಡುತ್ತದೆ. ಲಿಚೆಸ್ ನಿಮಗೆ ಪ್ಲಸ್ 3.4 ಅಂತ ಅಂಕಿ ತೋರಿಸಿ ಸುಮ್ಮನಾಗುತ್ತದೆ. ಚೆಸ್ ಡಾಟ್ ಕಾಮ್‌ನ ಕೋಚ್, 'ನಿಮ್ಮ ಒಂಟೆಗೆ ಕಾವಲಿಲ್ಲ, ಅದನ್ನು ಪುಕ್ಕಟೆ ಬಿಟ್ಟುಕೊಟ್ಟಿರಿ' ಅನ್ನುವ ಥರ ವಾಕ್ಯದಲ್ಲಿ ಹೇಳುತ್ತದೆ. ಲ್ಯಾಬ್ ರಿಪೋರ್ಟ್ ಕೈಗೆ ಕೊಟ್ಟು ಕಳಿಸುವುದಕ್ಕೂ ಡಾಕ್ಟರು ಕೂರಿಸಿಕೊಂಡು ಹೇಳುವುದಕ್ಕೂ ಇರುವ ವ್ಯತ್ಯಾಸ. ಆಟ ಈಗಷ್ಟೇ ಕಲಿತವರಿಗೆ, ಇಂಗ್ಲಿಷ್ ತಕ್ಕಮಟ್ಟಿಗೆ ಬರುವವರಿಗೆ, ಇದು ಬೆಲೆಬಾಳುವ ಸಂಗತಿ. ಆದರೆ ನನ್ನ ರೇಟಿಂಗ್‌ನಲ್ಲಿ ಡಾಕ್ಟರ ಬಾಯಿಂದ ದಿನಾ ಬರುವುದು ಒಂದೇ ಮಾತು: ಕಾಯಿ ಪುಕ್ಕಟೆ ಬಿಟ್ಟಿರಿ. ಅದನ್ನು ದಿನಕ್ಕೆ ಒಂದು ಸಲ ಕೇಳಿದರೆ ಸಾಕಾಗುತ್ತದೆ.

ರೇಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರು, ಆಮೇಲೆ ಏರಿ ಇಳಿದು ತಮ್ಮ ಜಾಗಕ್ಕೆ ಬರುತ್ತಾರೆ. ನನ್ನದು ಅಲ್ಲಿ 1200ರ ಮೇಲಿದೆ. ಇಲ್ಲಿ 870. ಬುದ್ಧಿ ಒಂದೇ, ತಕ್ಕಡಿ ಬೇರೆ. ಇವೆರಡಕ್ಕೂ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್‌ಗೂ ಸಂಬಂಧ ಇಲ್ಲ. ಫಿಡೆಯದು ಎದುರೆದುರು ಕೂತು ಆಡಿ ಗಳಿಸುವುದು. 2024ರ ಮಾರ್ಚ್‌ನಿಂದ ಅದರ ಕನಿಷ್ಠವೇ 1400. ನಮ್ಮ ಹುಡುಗಿಗೆ, ತಮ್ಮನ ಮಗಳಿಗೆ, ಆ 1400ರ ಮೇಲೆ ಸ್ವಲ್ಪ ಇದೆ. ಹೀಗಾಗಿ ಅವಳ ಮುಂದೆ ನಾನು ನನ್ನ ಲಿಚೆಸ್ ಅಂಕಿಯನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಒಗಟಿನ 'ಒ' ಎಂಟು ಇತ್ತಲ್ಲ, ಅದಕ್ಕೂ ಲಿಚೆಸ್‌ನಲ್ಲೇ ದಾರಿ ಸಿಕ್ಕಿತು. ಅಲ್ಲಿ ಲಕ್ಷಗಟ್ಟಲೆ ಒಗಟು, ಎಲ್ಲ ನಿಜವಾದ ಆಟಗಳಿಂದ ಆರಿಸಿದವು, ಎಷ್ಟು ಬೇಕಾದರೂ ಬಿಡಿಸಬಹುದು. ವಿಷಯ ಆರಿಸಿಕೊಳ್ಳಬಹುದು. ನಾನು ಒಂದು ವಾರ ಬರೀ ಹಿಂದಿನ ಸಾಲಿನ ಮೇಟ್ ಮಾಡಿದೆ. ಆ ನವಿಲುಬಣ್ಣದ ಆಟವನ್ನು ಮುಂದಿನ ಸಲ ಕಣ್ಣಿಟ್ಟು ನೋಡಿಯೇ ಆಡಬೇಕು ಅಂತ ಹಠ.

ಈಗ ಅಂಗಡಿಯ ಒಂದು ಕಥೆ ಹೇಳಲೇಬೇಕು. ಯಾವ ಪ್ಲಾನ್ ತಗೊಂಡರೂ ಬಗೆಹರಿಯದ ಸಮಸ್ಯೆ ಇದು. ಒಂದು ಮಧ್ಯಾಹ್ನ ಹದಿನೈದು ನಿಮಿಷದ ಆಟ ಹಾಕಿದ್ದೆ, ನಡೆಗೆ ಹತ್ತು ಸೆಕೆಂಡ್ ಸೇರುವ ಥರದ್ದು. ಎರಡು ಸಿಪಾಯಿ ಮುಂದಿದ್ದೇನೆ. ಗಡಿಯಾರದಲ್ಲಿ 2:40 ಉಳಿದಿದೆ. ಒಬ್ಬ ಅಜ್ಜ ಬಂದರು. ಜೇಬಿನಿಂದ ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟರು.

"ಇದೇ ಮಾತ್ರೆ ಹದಿನೈದು ಕೊಡವ್ವ."

ಸ್ಟ್ರಿಪ್ ನೋಡಿದರೆ ಹೆಸರಿರುವ ಕಡೆಯೇ ಕತ್ತರಿಸಿ ನುಂಗಿಯಾಗಿದೆ. ಉಳಿದಿರುವುದು ಬೆಳ್ಳಿ ಹಾಳೆಯ ತುದಿ, ಒಂದು ಮಾತ್ರೆ, 'ಎಂಜಿ' ಅನ್ನುವ ಎರಡಕ್ಷರ.

"ಯಾತಕ್ಕೆ ಅಜ್ಜ ಇದು? ಬಿಪಿಗಾ, ಶುಗರ್‌ಗಾ?"

"ಗುಲಾಬಿ ಬಣ್ಣದ್ದು ಕಣವ್ವ. ಬೆಳಿಗ್ಗೆ ತಗೊಳ್ಳೋದು."

ಗುಲಾಬಿ ಬಣ್ಣದ್ದು ನನ್ನ ಅಂಗಡಿಯಲ್ಲಿ ಹದಿನೈದು ಥರ ಇದೆ. ಅಂದಾಜಿನ ಮೇಲೆ ಕೊಡೋಕೆ ಆಗಲ್ಲ. ಅವರ ಮಗನಿಗೆ ಫೋನ್ ಮಾಡಿ, ಅವನು ಮನೆಗೆ ಫೋನ್ ಮಾಡಿ, ಮನೆಯಿಂದ ಹಳೇ ಚೀಟಿಯ ಫೋಟೋ ವಾಟ್ಸಾಪ್‌ಗೆ ಬಂದು, ಓದಿ, ಮಾತ್ರೆ ಕೊಟ್ಟು, ಬಿಲ್ ಹರಿದು, ಮೊಬೈಲ್ ತಿರುಗಿಸಿ ನೋಡಿದರೆ ಸಮಯ ಮೀರಿ ಸೋತಿದ್ದೆ. ಅವತ್ತಿನ ಪುಕ್ಕಟೆ ರಿವ್ಯೂ ಉಳಿದಿತ್ತು, ಒತ್ತಿದೆ. ಅಕ್ಯುರಸಿ 84. ಎದುರಾಳಿಯದು 71. ಒಂದೂ ಬ್ಲಂಡರ್ ಇಲ್ಲ. ಇಂಜಿನ್‌ಗೆ ಅಜ್ಜ ಎಲ್ಲಿ ಕಾಣಬೇಕು?

ಇದಕ್ಕೆ ಔಷಧಿ ಎರಡೂ ಕಡೆ ಪುಕ್ಕಟೆ ಇದೆ. ಚೆಸ್ ಡಾಟ್ ಕಾಮ್‌ನಲ್ಲಿ ಡೈಲಿ ಅನ್ನುತ್ತಾರೆ, ಲಿಚೆಸ್‌ನಲ್ಲಿ ಕರೆಸ್ಪಾಂಡೆನ್ಸ್. ಒಂದೊಂದು ನಡೆಗೆ ಒಂದು ದಿನ, ಮೂರು ದಿನ ಹೀಗೆ ಸಮಯ. ಹಿಂದೆ ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದರಲ್ಲ, ಅದೇ. ಅಂಗಡಿಯವರಿಗೆ, ಕೈಗೂಸು ಇರುವ ತಾಯಂದಿರಿಗೆ, ಕರೆಂಟು ಕೈಕೊಡುವ ಊರಿನವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಈಗ ನಾನು ಮಧ್ಯಾಹ್ನ ಆಡುವುದು ಇದನ್ನೇ. ಎಂಟು ಆಟ ಒಟ್ಟಿಗೆ ನಡೆಯುತ್ತಿವೆ. ಯೋಚಿಸಿ ಆಡುವುದರಿಂದ ತಪ್ಪೂ ಕಡಿಮೆ, ರಾತ್ರಿಯ ಸಿಟ್ಟಿನ ಆಟವೂ ಕಡಿಮೆ. 'ರಿ' ಗೆರೆ ಏಪ್ರಿಲ್‌ನಲ್ಲಿ ನಾಲ್ಕಕ್ಕೆ ಇಳಿದಿದೆ.

ನಾಲ್ಕು ಗೆರೆಗೆ ಡೈಮಂಡ್ ತರಿಸಲ್ಲ. ನನ್ನ ಮಟ್ಟಿಗೆ ಅದು ಮುಗಿಯಿತು. ಯುಗಾದಿಗೆ ಲಿಚೆಸ್‌ಗೆ ಒಂದಿಷ್ಟು ದುಡ್ಡು ಕಳಿಸಿ ರೆಕ್ಕೆ ಕಟ್ಟಿಕೊಂಡೆ. ಇಷ್ಟು ತಿಂಗಳು ಉಂಡಿದ್ದಕ್ಕೆ.

ಆದರೆ ನಮ್ಮ ಹುಡುಗಿಯ ಲೆಕ್ಕ ಬೇರೆ.

ಅವಳಿಗೂ ಶಾರ್ಟ್ ಬುಕ್ ಬರೆಸಿದೆ. ಎರಡು ವಾರ. ಬೈದುಕೊಂಡೇ ಬರೆದಳು. ಅವಳದರಲ್ಲಿ 'ರಿ' ಹೆಚ್ಚಿರಲಿಲ್ಲ. ಟೂರ್ನಮೆಂಟ್ ಆಟಗಳನ್ನು ಹಾಳೆಯಲ್ಲಿ ಬರೆದುಕೊಂಡು ಬರುತ್ತಾಳೆ. ಮೊದಲು ಇಂಜಿನ್ ಇಲ್ಲದೆ ತಾನೇ ನೋಡಬೇಕು, ಎಲ್ಲಿ ತಪ್ಪಿತು ಅಂತ ಪೆನ್ಸಿಲ್‌ನಲ್ಲಿ ಬರೆಯಬೇಕು, ಆಮೇಲೆ ಲಿಚೆಸ್ ಸ್ಟಡಿಯಲ್ಲಿ ಹಾಕಬೇಕು ಅಂತ ಅವಳ ಕೋಚ್ ಸರ್ ಕಟ್ಟುನಿಟ್ಟು. ಜಾಸ್ತಿ ಇದ್ದಿದ್ದು 'ಪಾ'. ಎರಡು ವಾರಕ್ಕೆ ಹದಿನಾಲ್ಕು! ಎಲ್ಲಾ ಆನೆಯ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತದ್ದು. ತುಮಕೂರಿನ ಒಂದು ಟೂರ್ನಮೆಂಟ್‌ನಲ್ಲಿ ಗೆಲ್ಲಬೇಕಾದ ಆನೆ-ಸಿಪಾಯಿ ಆಟವನ್ನು ಡ್ರಾ ಮಾಡಿಕೊಂಡು ಬಂದಿದ್ದಳು. ಅವತ್ತು ಕಾರಿನಲ್ಲಿ ಗುಬ್ಬಿ ದಾಟುವವರೆಗೆ ಮಾತಾಡಿರಲಿಲ್ಲ. ಆನೆಯನ್ನು ನಾಲ್ಕನೇ ಸಾಲಿಗೆ ತಂದು ಸೇತುವೆ ಕಟ್ಟುವುದು ಅಂತ ಒಂದು ಉಪಾಯ ಇದೆಯಂತೆ, ಲುಸೆನಾ ಅನ್ನುತ್ತಾರೆ. ತನ್ನ ರಾಜನಿಗೆ ಬೀಳುವ ಷಾಗಳನ್ನು ಆ ಆನೆಯೇ ಅಡ್ಡ ಬಂದು ತಡೆಯುವುದು. ಕೌಂಟರ್ ಮೇಲೆ ಸಿರಪ್ ಬಾಟಲಿ ಇಟ್ಟು ನನಗೆ ತೋರಿಸಿದಳು. ರಾಜ ಕೆಮ್ಮಿನ ಸಿರಪ್, ಆನೆ ಕಣ್ಣಿನ ಡ್ರಾಪ್ಸ್. ಅರ್ಥವಾಯಿತು, ಆದರೆ ಆಟದಲ್ಲಿ ಬಂದರೆ ನನ್ನಿಂದಾಗಲ್ಲ.

ಲಿಚೆಸ್‌ನಲ್ಲೂ ಅಭ್ಯಾಸದ ಪಾಠ ಇವೆ, ಪುಕ್ಕಟೆ. ಅದನ್ನೆಲ್ಲ ಅವಳು ಅರೆದು ಕುಡಿದಾಗಿದೆ. ಚೆಸ್ ಡಾಟ್ ಕಾಮ್‌ನಲ್ಲಿ ಪಾಠಗಳ ರಾಶಿ ದೊಡ್ಡದು. ವಿಡಿಯೋ ನೋಡಿ, ನಡುನಡುವೆ ನಿಲ್ಲಿಸಿ ನಡೆ ಕೇಳಿ, ಮುಂದೆ ಹೋಗುವಂತೆ ಜೋಡಿಸಿದ್ದಾರೆ. ಎಂಡ್‌ಗೇಮ್ ಅಭ್ಯಾಸವೂ ಇದೆ. ಇಲ್ಲಿ ದುಡ್ಡಿಗೆ ತಕ್ಕ ಮಾಲು ಇದೆ ಅಂತ ನನಗೇ ಅನಿಸಿತು. ಎದುರಾಳಿ ಸಿಗುವುದೂ ಅಲ್ಲಿ ಬೇಗ, ಜನ ಜಾಸ್ತಿ. ಮೋಸ ಮಾಡಿದವನನ್ನು ಹಿಡಿದರೆ, ಅವನಿಂದ ಕಳೆದುಕೊಂಡ ರೇಟಿಂಗ್ ವಾಪಸ್ ಕೊಟ್ಟು ಮೆಸೇಜ್ ಕಳಿಸುತ್ತಾರೆ. ಅದಕ್ಕೇನು ಚಂದಾ ಬೇಕಿಲ್ಲ, ನನಗೂ ಒಂದು ಸಲ ಎಂಟು ಅಂಕ ವಾಪಸ್ ಬಂತು. ಯಾರೋ ಇಂಜಿನ್ ಇಟ್ಟುಕೊಂಡು 870ರವಳನ್ನು ಸೋಲಿಸಿದ್ದ, ಪಾಪ.

ಅವಳಿಗೆ ವರ್ಷದ ಡೈಮಂಡೇ ಬೇಕು.

"ವರ್ಷಕ್ಕೆ ತಗೊಂಡ್ರೆ ತಿಂಗಳ ಲೆಕ್ಕಕ್ಕೆ ಕಡಿಮೆ ಬೀಳುತ್ತೆ ಅತ್ತೆ. ಡಿಸ್ಕೌಂಟು."

"ಜೂನ್‌ನಿಂದ ಯಾವ ಕ್ಲಾಸು?"

"...ಟೆಂತ್."

"ಜೂನ್‌ನಿಂದ ಮಾರ್ಚ್‌ವರೆಗೆ ನಿನ್ನ ಅಮ್ಮ ಮೊಬೈಲ್ ಕೊಡ್ತಾಳಾ?"

ಮಾತಿಲ್ಲ.

ಹತ್ತು ಸ್ಟ್ರಿಪ್ ಡಬ್ಬಿ ತಗೊಂಡರೆ ಒಂದು ಸ್ಟ್ರಿಪ್ ಫ್ರೀ ಅನ್ನುವ ಏಜೆನ್ಸಿ ಸ್ಕೀಮುಗಳನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಮಾರಿಹೋಗುವ ಮಾಲಿಗೆ ಸ್ಕೀಮ್ ಒಳ್ಳೇದು. ಕೂರುವ ಮಾಲಿಗೆ ಆ ಫ್ರೀ ಸ್ಟ್ರಿಪ್ ಕೂಡ ಎಕ್ಸ್‌ಪೈರಿ ಪೆಟ್ಟಿಗೆಗೇ ಹೋಗುವುದು. ಬೇಸಿಗೆ ರಜೆ ಮೇ ಕೊನೆಯವರೆಗೆ ಇದೆ. ಹಾಗಾಗಿ ಒಂದೇ ತಿಂಗಳ ಡೈಮಂಡ್, ಅವಳದೇ ಖಾತೆಗೆ, ನನ್ನ ದುಡ್ಡಿನಲ್ಲಿ. ಷರತ್ತು ಎರಡು. ಆನೆಯ ಎಂಡ್‌ಗೇಮ್ ಪಾಠ ಒಂದೂ ಬಿಡಬಾರದು. ವಾರಕ್ಕೊಂದು ದಿನ ಅಂಗಡಿಗೆ ಬಂದು ನನ್ನ ಜೊತೆ ಬೋರ್ಡ್ ಇಟ್ಟು ಆಡಬೇಕು.

ಎರಡನೇ ಷರತ್ತಿಗೆ ಅವಳೂ ಒಂದು ಷರತ್ತು ಹಾಕಿದಳು. ರಾಜ ಕುದುರೆ ಥರ ಹಾರುವ ಹಾಗಿಲ್ಲ.

ನಿನ್ನೆ ಪಾವತಿ ಮಾಡಿದೆ. ಮಾಡಿದ ಕೈಯಲ್ಲೇ ಶಾರ್ಟ್ ಬುಕ್ ಎಳೆದುಕೊಂಡು ಬರೆದಿಟ್ಟೆ. ಒಆರ್‌ಎಸ್ ಕಿತ್ತಳೆ ಎರಡು ಡಬ್ಬಿ. ಕ್ರೇಪ್ ಬ್ಯಾಂಡೇಜ್ ಆರಿಂಚು. ಮೇ 26, ಚೆಸ್ ಆಟೋಪೇ ಕ್ಯಾನ್ಸಲ್. ಮಕ್ಕಳ ಜ್ವರದ ಸಿರಪ್, ಅರ್ಜೆಂಟ್.